ಯಾವ ಮಾದಮ್ಮನ ಚೀಟಿ?

ನಮ್ಮ ಬಂಡೀಪುರದ ಕಾಡಂಚಿನ ಊರುಗಳಲ್ಲಿ ಮಾದಮ್ಮ ಅನ್ನೋ ಹೆಸರಿನವರು ಬಹಳ ಮಂದಿ. ಆಸ್ಪತ್ರೆಯಲ್ಲಿ ಒಬ್ಬರ ಚೀಟಿ ಇನ್ನೊಬ್ಬರಿಗೆ ಹೋದರೆ? ಸಕ್ಕರೆ ಕಾಯಿಲೆ ಇಲ್ಲದವರು ಅದರ ಮಾತ್ರೆ ನುಂಗಿದರೆ ಜೀವಕ್ಕೇ ಅಪಾಯ ಆಗಬಹುದು.

ಇಂಥ ಗೊಂದಲ ತಪ್ಪಿಸಲು ‘ಆಭಾ’ ಸಂಖ್ಯೆ ನೆರವಾಗುತ್ತೆ. ಇದರಲ್ಲಿ 14 ಅಂಕಿ ಇವೆ. ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಇರೋದಿಲ್ಲ. 2021ರಲ್ಲಿ ಈ ಯೋಜನೆ ದೇಶಕ್ಕೆಲ್ಲ ಬಂತು. ಆಧಾರ್ ತೋರಿಸಿ ಮಾಡಿಸಬಹುದು. ದುಡ್ಡು ಕೊಡಬೇಕಿಲ್ಲ.

ರಕ್ತ ಪರೀಕ್ಷೆ, ಔಷಧಿಯ ವಿವರ ಈ ಸಂಖ್ಯೆಗೆ ಸೇರಿದ್ದರೆ, ಮೈಸೂರಿನ ಡಾಕ್ಟರೂ ನೋಡಬಹುದು. ಆದರೆ ನೀವು ಒಪ್ಪಿದರೆ ಮಾತ್ರ. ಆಭಾ ಕಡ್ಡಾಯವಲ್ಲ. ಇಲ್ಲದಿದ್ದರೂ ಚಿಕಿತ್ಸೆ ಪಡೆಯಬಹುದು.

ಹಳೇ ಚೀಟಿ ಎಸೆಯಬೇಡಿ. ನೆಟ್‌ವರ್ಕ್ ಇಲ್ಲದ ದಿನ ಅದೇ ಬೇಕು.

ಈಗ ನಿಮಗೆ ಓದು ಬರುತ್ತೆ. ಮಾತ್ರೆ ತಗೊಳ್ಳುವ ಮೊದಲು ಚೀಟಿಯ ಹೆಸರು, ವಯಸ್ಸು, ಸಂಖ್ಯೆ ಓದಿ. ಅದು ನಿಮ್ಮದೇ ತಾನೇ?