ಹಿಮದ ಬಂಡಿಯ ಹೊಗೆಕೊಳವೆ: ಸದ್ದು ಹೆಚ್ಚಿದರೆ ಬಲ ಹೆಚ್ಚುವುದೇ?

1984ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಇಂಡ್-ಸುಜುಕಿ ಎಂಬ 100 ಸಿಸಿ ಟೂ-ಸ್ಟ್ರೋಕ್ ಬೈಕು ಹೊರಬಂದುದನ್ನು ಆ ಭಾಗದ ನಮ್ಮ ಹಿರಿಯ ಓದುಗರು ಮರೆತಿರಲಾರರು. ಅಂತಹ ಬೈಕುಗಳ ಸೈಲೆನ್ಸರನ್ನು ಬಿಚ್ಚಿ, ಒಳಗಿನ ತಡೆಯನ್ನು ಕಿತ್ತೆಸೆದು, ಸದ್ದಿನೊಡನೆ ವೇಗವೂ ಹೆಚ್ಚಿತೆಂದು ನಂಬಿದ ತರುಣರನ್ನು ನಾವೆಲ್ಲರೂ ಕಂಡಿದ್ದೇವೆ. ಇದೇ ನಂಬಿಕೆ ಕೆನಡಾ ಮತ್ತು ಅಮೆರಿಕದ ಹಿಮನಾಡುಗಳಲ್ಲಿ ಸ್ನೋಮೊಬೈಲ್ ಓಡಿಸುವವರಲ್ಲಿಯೂ ಬಲವಾಗಿದೆ. ಅಲ್ಲಿ ಅದು ಎಂಜಿನನ್ನು ಸುಡುತ್ತದೆ. ಕೆಲವೊಮ್ಮೆ ಊರಿನ ದಾರಿಯನ್ನೇ ಮುಚ್ಚಿಸುತ್ತದೆ.

ಸ್ನೋಮೊಬೈಲ್‌ಗೆ ಮುಂದೆ ಎರಡು ಜಾರುಪಟ್ಟಿಗಳು, ಹಿಂದೆ ಚಕ್ರದ ಬದಲು ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯರ್ ಅವರ ಎಳೆಯ ಮಗ 1934ರ ಚಳಿಗಾಲದಲ್ಲಿ ಹಿಮದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ತೀರಿಕೊಂಡನು. ಅದೇ ಬೊಂಬಾರ್ಡಿಯರ್ 1959ರಲ್ಲಿ ಸ್ಕೀ-ಡೂ ಎಂಬ ಹಗುರವಾದ ಬಂಡಿಯನ್ನು ಮಾರುಕಟ್ಟೆಗೆ ತಂದರು. ಇಂದಿಗೂ ಬೆಟ್ಟಗಳಲ್ಲಿ ಓಡುವ ಇಂತಹ ಬಂಡಿಗಳಲ್ಲಿ ಹೆಚ್ಚಿನವು ಟೂ-ಸ್ಟ್ರೋಕ್ ಎಂಜಿನಿನವು. ಹೊಗೆಕೊಳವೆಯ ಮಹತ್ವ ಇರುವುದು ಇಲ್ಲಿಯೇ.

ಟೂ-ಸ್ಟ್ರೋಕ್ ಎಂಜಿನಿನ ದ್ವಾರಗಳನ್ನು ತೆರೆಯುವುದೂ ಮುಚ್ಚುವುದೂ ಪಿಸ್ಟನ್ನೇ. ಸುಟ್ಟ ಹೊಗೆ ಹೊರಹೋಗುತ್ತಿರುವಾಗಲೇ ಹೊಸ ಇಂಧನ-ಗಾಳಿಯ ಮಿಶ್ರಣ ಒಳಬರುತ್ತದೆ. ಹೀಗಾಗಿ ಅದರಲ್ಲಿ ಒಂದು ಪಾಲು ಸುಡದೆಯೇ ಹೊಗೆಯ ಹಿಂದೆ ಓಡಿಹೋಗುತ್ತದೆ. ಇದನ್ನು ತಡೆಯಲೆಂದೇ ಕೊಳವೆಗೆ ಬಸುರಿಯ ಹೊಟ್ಟೆಯಂತಹ ಆಕಾರ ಕೊಟ್ಟಿರುತ್ತಾರೆ. ಹೊಗೆ ಹೊರಬಿದ್ದಾಗ ಒತ್ತಡದ ಒಂದು ಅಲೆ ಕೊಳವೆಯೊಳಗೆ ಸಾಗುತ್ತದೆ. ಕೊಳವೆ ಅಗಲವಾಗುತ್ತ ಹೋಗುವ ಭಾಗದಿಂದ ಹಿಂದಿರುಗುವ ಅಲೆಯು ಸಿಲಿಂಡರಿನ ಹೊಗೆಯನ್ನು ಹೀರುತ್ತದೆ. ಮುಂದೆ ಕಿರಿದಾಗುವ ಭಾಗಕ್ಕೆ ಬಡಿದು ಹಿಂದಿರುಗುವ ಅಲೆಯಾದರೋ, ತಪ್ಪಿಸಿಕೊಂಡ ಹೊಸ ಮಿಶ್ರಣವನ್ನು ದ್ವಾರ ಮುಚ್ಚುವ ಹೊತ್ತಿಗೆ ಸರಿಯಾಗಿ ಒಳಕ್ಕೆ ತಳ್ಳುತ್ತದೆ. ಬಾಗಿಲ ಕದವೊಂದನ್ನು ಗಾಳಿಯೇ ಮುಚ್ಚಿದಂತೆ.

ಇಲ್ಲಿ ಎಲ್ಲವೂ ಸಮಯದ ಲೆಕ್ಕ. ನಿಮಿಷಕ್ಕೆ 8,000 ಸುತ್ತು ತಿರುಗುವ ಎಂಜಿನಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಸಾವಿರದ ಏಳೂವರೆ ಪಾಲು ಮಾತ್ರ ಸಿಗುತ್ತದೆ. ಹೊಗೆಯ ದ್ವಾರ ತೆರೆದಿರುವುದು ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹೊತ್ತು. ಬಿಸಿ ಹೊಗೆಯಲ್ಲಿ ಅಲೆಯು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಸಾಗುತ್ತದೆಂದು ಇಟ್ಟುಕೊಂಡರೆ, ಅಷ್ಟರಲ್ಲಿ ಹೋಗಿ ಬರಲು ಕೊಳವೆಯ ಉದ್ದ ಸುಮಾರು ಒಂದು ಮೀಟರ್ ಆಗಬೇಕು. ಕೊಳವೆ ಇನ್ನೂ ತಣ್ಣಗಿದ್ದರೆ ಅಲೆ ನಿಧಾನವಾಗಿ, ತಡವಾಗಿ ಬರುತ್ತದೆ. ಹೊರಟ ಹೊಸತರಲ್ಲಿ ಬಂಡಿಗೆ ಪೂರ್ಣ ಕಸುವು ಬಾರದಿರುವುದಕ್ಕೆ ಇದೂ ಒಂದು ಕಾರಣ.

ಈ ವಿದ್ಯೆಯನ್ನು ಪಕ್ವಗೊಳಿಸಿದವರು ಪೂರ್ವ ಜರ್ಮನಿಯ ಎಂ.ಝಡ್. ಸಂಸ್ಥೆಯ ಎಂಜಿನಿಯರ್ ವಾಲ್ಟರ್ ಕಾಡೆನ್. ಅವರ ಬೈಕಿನ ಸವಾರ ಎರ್ನ್‌ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ಪಂದ್ಯಕ್ಕೆ ಹೋದವರು ತಾಯ್ನಾಡಿಗೆ ಮರಳಲಿಲ್ಲ. ತಾವು ಕಲಿತದ್ದನ್ನು ಜಪಾನಿನ ಸುಜುಕಿಗೆ ಕೊಟ್ಟರು. ಮರುವರ್ಷವೇ 50 ಸಿಸಿ ವಿಭಾಗದ ವಿಶ್ವಪಟ್ಟ ಸುಜುಕಿಗೆ ದಕ್ಕಿತು. ಅದೇ ಸುಜುಕಿಯು ಮುಂದೆ ಅಮೆರಿಕದ ಆರ್ಕ್ಟಿಕ್ ಕ್ಯಾಟ್ ಸ್ನೋಮೊಬೈಲುಗಳಿಗೆ ದಶಕಗಳ ಕಾಲ ಎಂಜಿನ್ ಒದಗಿಸಿತು. ನಮ್ಮ ಹೊಸೂರಿಗೆ ಬಂದ ಎಂಜಿನಿನ ಮೂಲವೂ ಆ ಮನೆತನವೇ.

ಅಂಗಡಿಯಲ್ಲಿ ದೊರೆಯುವ ಬದಲಿ ಸಾಮಾನು ಎರಡು ಬಗೆಯದು. ಕೊನೆಯ ಸೈಲೆನ್ಸರ್ ಡಬ್ಬಿಯನ್ನು ಮಾತ್ರ ಬದಲಿಸಿದರೆ ಕೆಲವು ಕಿಲೋ ಭಾರ ಇಳಿಯುತ್ತದೆ, ಸದ್ದು ಏರುತ್ತದೆ. ಬಲ ಹೆಚ್ಚುವುದು ಅತ್ಯಲ್ಪ. ಇಡೀ ಕೊಳವೆಯನ್ನೇ ಬದಲಿಸಿದರೆ ಬಲ ನಿಜಕ್ಕೂ ಹೆಚ್ಚಬಹುದು, ಆದರೆ ಅದು ಸಿಗುವ ಸುತ್ತಿನ ಸಂಖ್ಯೆಯೂ ಬದಲಾಗುತ್ತದೆ. ಗೇರಿಲ್ಲದ ನಮ್ಮ ಸ್ಕೂಟರುಗಳಲ್ಲಿರುವಂತೆ ಸ್ನೋಮೊಬೈಲಿನಲ್ಲಿಯೂ ಬೆಲ್ಟು ಮತ್ತು ತೂಕಗಳಿರುವ ಕ್ಲಚ್ ಇದೆ. ಎಂಜಿನನ್ನು ಒಂದೇ ಸುತ್ತಿನಲ್ಲಿ ಹಿಡಿದಿಡುವುದು ಅದರ ಕೆಲಸ. ಕೊಳವೆ 8,200ರಲ್ಲಿ ಬಲ ಕೊಡುವಂತಿದ್ದು, ಕ್ಲಚ್ 7,900ಕ್ಕೇ ತಡೆದರೆ, ಕೊಟ್ಟ ಹಣ ಹಿಮದ ಪಾಲು. ಆದುದರಿಂದ ತೂಕವನ್ನು ತುಸು ಹಗುರಗೊಳಿಸಬೇಕು, ಸ್ಪ್ರಿಂಗ್ ಬದಲಿಸಬೇಕಾಗಬಹುದು. ಬಲ ಹುಟ್ಟಿಸುವುದು ಕೊಳವೆಯಾದರೂ ಅದನ್ನು ಹಿಮಕ್ಕೆ ಮುಟ್ಟಿಸುವುದು ಕ್ಲಚ್ ಎಂಬುದನ್ನು ಅಂಗಡಿಯವರು ಹೇಳದಿರುವುದೇ ಹೆಚ್ಚು.

ಇಂಧನದ ಲೆಕ್ಕ ತಪ್ಪಿದರೆ ಅಪಾಯ ಇನ್ನೂ ದೊಡ್ಡದು. ಹೊಸ ಕೊಳವೆ ಹೆಚ್ಚು ಗಾಳಿಯನ್ನು ಹಿಡಿದಿಟ್ಟು, ಇಂಧನ ಮಾತ್ರ ಹಳೆಯ ಅಳತೆಯಲ್ಲೇ ಬಂದರೆ, ಮಿಶ್ರಣ ತೆಳುವಾಗಿ, ತಾಪವೇರಿ, ಪಿಸ್ಟನ್ನಿನ ನೆತ್ತಿ ಕರಗಿ ತೂತಾಗುತ್ತದೆ. ತೀವ್ರ ಚಳಿಯಲ್ಲಿ ಗಾಳಿ ದಟ್ಟವಾಗುವುದರಿಂದ ಈ ಅಪಾಯ ಹೆಚ್ಚು. ಎತ್ತರದಲ್ಲಿ ಇದಕ್ಕೆ ತದ್ವಿರುದ್ಧ: ಪ್ರತಿ 300 ಮೀಟರಿಗೆ ಎಂಜಿನ್ ಸುಮಾರು ನೂರಕ್ಕೆ ಮೂರರಷ್ಟು ಬಲ ಕಳೆದುಕೊಳ್ಳುತ್ತದೆ. ಮಿನ್ನೆಸೋಟದ ಬಯಲಿಗೆ ಹೊಂದಿಸಿದ ಕಾರ್ಬ್ಯುರೇಟರಿನ ಬಂಡಿಯನ್ನು ಹಾಗೆಯೇ ವಯೋಮಿಂಗ್‌ನ ಬೆಟ್ಟಕ್ಕೆ ಒಯ್ದರೆ ಹೊಗೆಯುಗುಳಿ ಏದುಸಿರು ಬಿಡುತ್ತದೆ. ಇಂದಿನ ಫ್ಯುಯೆಲ್ ಇಂಜೆಕ್ಷನ್ ಎತ್ತರವನ್ನೂ ಚಳಿಯನ್ನೂ ತಾನೇ ಸರಿತೂಗಿಸಿಕೊಳ್ಳುತ್ತದೆ ನಿಜ. ಆದರೆ ಅದರ ಲೆಕ್ಕ ಬರೆದಿರುವುದು ಕಾರ್ಖಾನೆಯ ಕೊಳವೆಗಾಗಿ.

ಇನ್ನು ಸದ್ದಿನ ಮಾತು. ಕಾರ್ಖಾನೆಯಿಂದ ಬರುವ ಬಂಡಿಯು ಪೂರ್ಣ ವೇಗವರ್ಧನೆಯಲ್ಲಿ 50 ಅಡಿ ದೂರಕ್ಕೆ 78 ಡೆಸಿಬೆಲ್ ಮೀರಬಾರದೆಂಬ ಅಳತೆ ಅಲ್ಲಿ ಬಹುಕಾಲದಿಂದ ಇದೆ. ಮಿನ್ನೆಸೋಟ, ವಿಸ್ಕಾನ್ಸಿನ್, ಮೇನ್, ಕ್ವಿಬೆಕ್‌ಗಳಲ್ಲಿ ಸ್ನೋಮೊಬೈಲ್ ದಾರಿಗಳ ಬಹುಭಾಗ ರೈತರ ಹಾಗೂ ಕಾಡಿನ ಒಡೆಯರ ಖಾಸಗಿ ಜಮೀನಿನ ಮೇಲೆ, ಅವರ ಒಪ್ಪಿಗೆಯಿಂದ ಹಾದುಹೋಗುತ್ತದೆ. ನಡುರಾತ್ರಿ ಕಿವಿಗಡಚಿಕ್ಕುವ ನಾಲ್ಕು ಬಂಡಿಗಳು ಹಾದುಹೋದರೆ ಮರುವರ್ಷ ಬೇಲಿಗೆ ಬೀಗ ಬೀಳುವುದುಂಟು. ಬಲಿಯಾಗುವವರು ಮಾತ್ರ ಸದ್ದು ಮಾಡದೆ ಓಡಿಸುತ್ತಿದ್ದ ನೂರಾರು ಮಂದಿ. ಅಲ್ಲಿನ ಸವಾರರ ಸಂಘಗಳೇ ಜೋರು ಸೈಲೆನ್ಸರುಗಳ ವಿರುದ್ಧ ನಿಂತಿರುವುದಕ್ಕೆ ಇದೇ ಕಾರಣ.

ಕೊಳವೆಯನ್ನು ಬದಲಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. 2000ದಿಂದ ಅಮೆರಿಕದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಕ್ಲೀನ್ ಸ್ನೋಮೊಬೈಲ್ ಚಾಲೆಂಜ್ ಎಂಬ ಸ್ಪರ್ಧೆ ನಡೆಯುತ್ತಿದೆ. ಅವರೂ ಅದೇ ಕೊಳವೆಯನ್ನು ಬಿಚ್ಚುತ್ತಾರೆ, ಇಂಧನದ ಲೆಕ್ಕವನ್ನು ಹೊಸದಾಗಿ ಬರೆಯುತ್ತಾರೆ. ಆದರೆ ಅಲ್ಲಿ ಅಂಕ ಸಿಗುವುದು ಹೊಗೆಯನ್ನೂ ಸದ್ದನ್ನೂ ತಗ್ಗಿಸಿದವರಿಗೆ.