ಮೀನಖಂಡ ಹಿಡಿದಾಗ

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಗೆ ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರಲ್ಲಿ ಕೆಲವರ ನಡಿಗೆ ಬೇರೆ. ಇನ್ನೂರು-ಮುನ್ನೂರು ಹೆಜ್ಜೆ ಹಾಕಿ ನಿಲ್ಲುತ್ತಾರೆ. ಚಪ್ಪಲಿ ಸರಿಮಾಡಿಕೊಳ್ಳುವ ನೆವ ಮಾಡಿ, ನೀರಿನತ್ತ ನೋಡುತ್ತ ಎರಡು ನಿಮಿಷ ಕಳೆದು ಮತ್ತೆ ಹೊರಡುತ್ತಾರೆ. ಅಷ್ಟೇ ದೂರ ಹೋಗಿ ಮತ್ತೆ ನಿಲುಗಡೆ. ಕೇಳಿದರೆ, “ಮೀನಖಂಡ ಹಿಡಿತೈತ್ರಿ, ನಿಂತ್ರ ಬಿಡ್ತೈತಿ” ಎನ್ನುತ್ತಾರೆ. ಮನೆಯಲ್ಲಿ ಇದನ್ನು ವಾತ ಎಂದೋ ನರ ಹಿಡಿದದ್ದೆಂದೋ ವಯಸ್ಸೆಂದೋ ತೀರ್ಮಾನಿಸಿ ಎಣ್ಣೆ ತಿಕ್ಕುತ್ತಿರುತ್ತಾರೆ. ಬೆನ್ನುಹುರಿಯ ದಾರಿ ಇಕ್ಕಟ್ಟಾದವರಿಗೂ ನಡೆದಾಗ ಕಾಲು ನೋಯುವುದುಂಟು. ಆದರೆ ಅವರಿಗೆ ಬರೀ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ನಿಂತಲ್ಲೇ ಬಿಡುವ, ಮತ್ತೆ ಅದೇ ದೂರಕ್ಕೆ ಹಿಡಿಯುವ ನೋವು ಬಹುಮಟ್ಟಿಗೆ ನರದ್ದಲ್ಲ, ಕೀಲಿನದೂ ಅಲ್ಲ. ಕಾಲಿಗೆ ರಕ್ತ ಒಯ್ಯುವ ಅಪಧಮನಿಯದು.

ಅಪಧಮನಿ ಅಂದರೆ ಒಂದು ಪೈಪು ಎಂದೇ ನಾವೆಲ್ಲ ಶಾಲೆಯಿಂದ ತಿಳಿದುಬಂದಿದ್ದೇವೆ. ಈ ತಿಳಿವಳಿಕೆ ಎಲ್ಲಿ ಸೋಲುತ್ತದೆ ಎಂಬುದು ಹುಬ್ಬಳ್ಳಿ-ಧಾರವಾಡದವರಿಗೆ ಬೇಗ ಹೊಳೆಯಬೇಕು. ಮಲಪ್ರಭೆಯ ನೀರು ಇಲ್ಲಿನ ಎಷ್ಟೋ ಓಣಿಗಳಿಗೆ ದಿನಾ ಬರುವುದಿಲ್ಲ. 2008ರಲ್ಲಿ ಕೆಲವು ಬಡಾವಣೆಗಳಿಗೆ ಇಪ್ಪತ್ನಾಲ್ಕು ತಾಸೂ ನೀರು ಕೊಡುವ ಪ್ರಯೋಗ ನಡೆದರೂ, ಉಳಿದವರು ನಳ ಬರುವ ದಿನ ಕಾಯುತ್ತಲೇ ಬಂದರು. ನಡುವಿನ ದಿನಗಳಲ್ಲಿ ಮನೆ ನಡೆಯುವುದು ಟಾಕಿಯ ಮೇಲೆ. ಹೃದಯವೂ ಇಂಥದೇ ಪೂರೈಕೆದಾರ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳಿ ಕವಾಟ ಮುಚ್ಚುತ್ತದೆ. ಮುಂದಿನ ಅರ್ಧ ಸೆಕೆಂಡಿಗೂ ತುಸು ಹೆಚ್ಚು ಹೊತ್ತು ಅದರಿಂದ ಒಂದು ಹನಿಯೂ ಹೊರಬರುವುದಿಲ್ಲ. ಆದರೂ ಕಾಲ್ಬೆರಳ ತುದಿಯ ಸೂಕ್ಷ್ಮನಾಳಗಳಲ್ಲಿ ಹರಿವು ನಿಲ್ಲದು. ಏಕೆಂದರೆ ಹೃದಯಕ್ಕೆ ಅಂಟಿಕೊಂಡೇ ಒಂದು ಟಾಕಿ ಇದೆ. ಅದು ಮಹಾಪಧಮನಿ. ಬಡಿತದ ರಕ್ತದಲ್ಲಿ ಸರಿಸುಮಾರು ಅರ್ಧವನ್ನು ಅದೂ ಅದರ ದೊಡ್ಡ ಕವಲುಗಳೂ ಗೋಡೆ ಹಿಗ್ಗಿಸಿ ಹಿಡಿದುಕೊಳ್ಳುತ್ತವೆ, ಕವಾಟ ಮುಚ್ಚಿದ ಮೇಲೆ ಕುಗ್ಗಿ ಮುಂದಕ್ಕೆ ದೂಡುತ್ತವೆ.

ಇದನ್ನು ಮೊದಲು ಗ್ರಹಿಸಿದವನು ವೈದ್ಯನಲ್ಲ, ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ. ಹೆಣ್ಣು ಕುದುರೆಯೊಂದನ್ನು ಕಟ್ಟಿ ಮಲಗಿಸಿ, ಅದರ ಅಪಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿ, ಉದ್ದನೆಯ ಗಾಜಿನ ನಳಿಗೆಯನ್ನು ನಿಲ್ಲಿಸಿದ. ರಕ್ತ ಎಂಟು ಅಡಿಗೂ ಮೇಲಕ್ಕೆ ಏರಿತು. ಇಂದಿನ ಬಿ.ಪಿ. ಲೆಕ್ಕದಲ್ಲಿ ಸುಮಾರು 190. ಆ ಕುದುರೆಯ ಸ್ಥಿತಿಯಲ್ಲಿ ಯಾರಿಗಿದ್ದರೂ ಅಷ್ಟೇ ಇರುತ್ತಿತ್ತು! 1733ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆತ ಗೋಡೆಯ ಈ ಹಿಗ್ಗು-ಕುಗ್ಗಿನ ಕೆಲಸವನ್ನೂ ವಿವರಿಸಿದ್ದಾನೆ.

ಹಿಗ್ಗುವ ಗುಣ ಕೊಡುವುದು ಎಲಾಸ್ಟಿನ್ ಎಂಬ ಪ್ರೋಟೀನಿನ ಎಳೆಗಳು. ದೇಹ ಇವನ್ನು ಬಹುಪಾಲು ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ ನೇಯ್ದು ಮುಗಿಸುತ್ತದೆ. ಆಮೇಲೆ ಹೊಸದು ಹುಟ್ಟುವುದು ತೀರ ಕಡಿಮೆ. ದಿನಕ್ಕೆ ಒಂದು ಲಕ್ಷ ಬಡಿತದಂತೆ ಜಗ್ಗಿಸಿಕೊಂಡು ಎಳೆಗಳು ಹರಿಯುತ್ತ ಬರುತ್ತವೆ, ಜಗ್ಗದ ಕೊಲಾಜನ್ ಉಳಿಯುತ್ತದೆ. ಹಳೇ ಬಿ.ಪಿ., ಶುಗರ್, ಕಿಡ್ನಿಯ ತೊಂದರೆ ಇದ್ದರೆ ಈ ಬಿಗಿತ ಬೇಗ ಬರುತ್ತದೆ. ವಯಸ್ಸಾದವರಲ್ಲಿ ಮೇಲಿನ ಬಿ.ಪಿ. ಏರಿ ಕೆಳಗಿನದು ಇಳಿಯುವುದು ಇದರಿಂದಲೇ. “ಕೆಳಗಿಂದು ಕಮ್ಮಿ ಐತಿ, ಛಲೋ ಆತು” ಎಂದು ಸಮಾಧಾನಪಡುವವರನ್ನು ಕಂಡಿದ್ದೇನೆ. ಅಷ್ಟು ಛಲೋ ಅಲ್ಲ. ಹೃದಯದ ಸ್ನಾಯುವಿಗೆ ಅದರ ಪಾಲಿನ ರಕ್ತ ಹೆಚ್ಚಾಗಿ ಸಿಗುವುದು ಎರಡು ಬಡಿತಗಳ ನಡುವಿನ ವಿರಾಮದಲ್ಲಿ. ಆಗಿನ ಒತ್ತಡ ಬಿದ್ದರೆ ಹೃದಯಕ್ಕೆ ದುಡಿಮೆ ಹೆಚ್ಚಿ ಊಟ ಕಡಿಮೆಯಾದಂತೆ.

ಗೋಡೆಯ ಒಳಮೈ ಇನ್ನೂ ವಿಚಿತ್ರ. ಅದರ ದಪ್ಪ ಒಂದೇ ಒಂದು ಜೀವಕೋಶ. ಬಹುಕಾಲ ಅದನ್ನು ಬರೀ ಅಸ್ತರಿ ಎಂದು ಕಡೆಗಣಿಸಿದ್ದರು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬದುಕಿರುವ ದೇಹದಲ್ಲಿ ರಕ್ತನಾಳಗಳನ್ನು ಸಡಿಲಿಸುತ್ತದೆ, ಕತ್ತರಿಸಿ ತಂದ ಪಟ್ಟಿಯಲ್ಲಿ ಮಾತ್ರ ಬಿಗಿಸುತ್ತದೆ. ಏಕೆಂದು ಯಾರಿಗೂ ಬಿಡಿಸಲಾಗಿರಲಿಲ್ಲ. ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ಪಟ್ಟಿಗಳೊಂದಿಗೆ ಗುದ್ದಾಡುತ್ತಿದ್ದಾಗ ಕಾರಣ ಸಿಕ್ಕಿತು: ಪಟ್ಟಿ ತಯಾರಿಸುವಾಗ ಒಳಮೈ ಉಜ್ಜಿ ಹೋಗುತ್ತಿತ್ತು. ಉಜ್ಜದೆ ಜೋಪಾನವಾಗಿ ಕತ್ತರಿಸಿದರೆ ಅದೇ ಪಟ್ಟಿ ಸಡಿಲವಾಗುತ್ತಿತ್ತು. ಅಂದರೆ ಆ ಪದರ ಸ್ನಾಯುವಿಗೆ ಏನೋ ಸಂದೇಶ ಕಳಿಸುತ್ತಿದೆ. 1980ರಲ್ಲಿ ಇದನ್ನು ಪ್ರಕಟಿಸಿದರು. ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ, ಅದರ ಆಯುಷ್ಯ ಕೆಲವೇ ಸೆಕೆಂಡು ಎಂಬುದು ಆಮೇಲೆ ತಿಳಿಯಿತು. 1998ರ ನೊಬೆಲ್‌ನಲ್ಲಿ ಇವರಿಗೂ ಪಾಲು ಬಂತು. ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯ ಕೆಲಸ ನಡೆಯುವುದೂ ಇದೇ ಅನಿಲದಿಂದ.

ರಕ್ತ ವೇಗವಾಗಿ ಹರಿದಾಗ ಒಳಮೈ ಆ ಸವರುವಿಕೆಯನ್ನು ಗ್ರಹಿಸಿ ನೈಟ್ರಿಕ್ ಆಕ್ಸೈಡನ್ನು ಹೆಚ್ಚಿಸುತ್ತದೆ, ನಾಳ ಅಗಲವಾಗುತ್ತದೆ. ನಡೆಯುವುದರಿಂದ ಆಗುವ ಲಾಭದಲ್ಲಿ ದೊಡ್ಡ ಭಾಗ ಇಲ್ಲಿದೆ. ಹರಿವು ನೇರವಾಗಿರುವ ಕಡೆ ಒಳಮೈ ಆರೋಗ್ಯವಾಗಿರುತ್ತದೆ. ಕವಲೊಡೆಯುವಲ್ಲಿ, ತಿರುವಿನಲ್ಲಿ ರಕ್ತ ಸುಳಿಯುತ್ತದೆ, ಒಳಮೈ ಸೊರಗುತ್ತದೆ. ಕೊಲೆಸ್ಟರಾಲ್ ಗೋಡೆಯೊಳಗೆ ನುಸುಳಿ ಗಡ್ಡೆ ಕಟ್ಟುವುದು ಅಂಥ ಕಡೆಗಳಲ್ಲೇ: ಕುತ್ತಿಗೆಯ ಕವಲು, ಹೃದಯದ ನಾಳಗಳು, ಹೊಕ್ಕುಳ ಮಟ್ಟದಲ್ಲಿ ಮಹಾಪಧಮನಿ ಎರಡಾಗುವ ಜಾಗದ ಆಸುಪಾಸು. ತೊಡೆಯ ಕೆಳಭಾಗವೂ ಈ ಪಟ್ಟಿಯಲ್ಲಿದೆ. ಒಳವ್ಯಾಸ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ. ಪಾಯ್ಸೆಯ ಸೂತ್ರದ ಪ್ರಕಾರ ಅದೇ ಒತ್ತಡಕ್ಕೆ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೂ ಕೂತವರಿಗೆ ಏನೂ ತಿಳಿಯದು, ಮುಂದಿನ ಸಣ್ಣ ನಾಳಗಳು ಸಡಿಲಗೊಂಡು ಸರಿದೂಗಿಸುತ್ತವೆ. ನಡೆದಾಗ ಮೀನಖಂಡ ಹಲವು ಪಟ್ಟು ರಕ್ತ ಬೇಡುತ್ತದೆ. ನೃಪತುಂಗ ಬೆಟ್ಟದ ಏರು ಹತ್ತಿದರೆ ಇನ್ನೂ ಹೆಚ್ಚು. ಆಗ ಗುಟ್ಟು ಹೊರಬೀಳುತ್ತದೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಕರ್ನಾಟಕಕ್ಕೆಲ್ಲ ಹೃದಯದ್ದೇ ಮಾತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ. ಕಾಲಿಗೆ ಇಂಥ ಯಾವ ಜ್ಯೋತಿಯೂ ಇಲ್ಲ. ಕಾಲಿನ ನಾಳ ಕಟ್ಟಿದವರಲ್ಲಿ ಹೃದಯದ, ಮಿದುಳಿನ ನಾಳಗಳೂ ಹೆಚ್ಚಾಗಿ ಅದೇ ದಾರಿ ಹಿಡಿದಿರುತ್ತವೆ ಎಂಬುದನ್ನು ನೋಡಿದರೆ, ಮೀನಖಂಡದ ನೋವು ಹೃದಯದ ಬಗ್ಗೆ ಮುಂಚಿತವಾಗಿ ಬಂದ ಸುದ್ದಿ. ಅದಕ್ಕೆ ಎಣ್ಣೆ ತಿಕ್ಕುವುದು ನನಗೇಕೋ ದುಬಾರಿ ಅನ್ನಿಸುತ್ತದೆ.

ನಮ್ಮ ಸೀಮೆಯಲ್ಲಿ ನಾಳ ಕಟ್ಟುವ ಇನ್ನೊಂದು ಬಗೆಯಿದೆ, ಅದಕ್ಕೆ ಕೊಲೆಸ್ಟರಾಲ್ ಬೇಕಿಲ್ಲ. ನಿಪ್ಪಾಣಿಯ ತಂಬಾಕು ಬೀಡಿಗೆ ಹೆಸರಾದದ್ದು. ಬೀಡಿ, ಸಿಗರೇಟು ಸೇದುವ, ಬಹುತೇಕ 45ರ ಒಳಗಿನ ಗಂಡಸರಲ್ಲಿ ಪಾದದ, ಅಂಗೈಯ ಸಣ್ಣ ಅಪಧಮನಿಗಳು ಉರಿಯೂತದಿಂದ ಊದಿ, ಹೆಪ್ಪು ಕಟ್ಟಿ ಮುಚ್ಚಿಹೋಗುತ್ತವೆ. ನ್ಯೂಯಾರ್ಕಿನ ಲಿಯೋ ಬರ್ಗರ್ 1908ರಲ್ಲಿ ಕತ್ತರಿಸಿ ತೆಗೆದ ಕಾಲುಗಳ ನಾಳಗಳನ್ನು ಪರೀಕ್ಷಿಸಿ ವಿವರಿಸಿದ ಕಾಯಿಲೆ ಇದು. ಬರ್ಗರ್ ಕಾಯಿಲೆ ಎಂದೇ ಕರೆಯುತ್ತಾರೆ. ಯುರೋಪು, ಅಮೆರಿಕಗಳಲ್ಲಿ ಅಪರೂಪವಾದರೂ ಭಾರತದ ಸರ್ಜರಿ ವಾರ್ಡುಗಳಿಗೆ ಹೊಸದಲ್ಲ. 1957ರಲ್ಲಿ ಶುರುವಾದ, ಹೆಸರು ಬದಲಾದರೂ ಜನರ ಬಾಯಲ್ಲಿ ಈಗಲೂ ಕಿಮ್ಸ್ ಆಗಿರುವ ಹುಬ್ಬಳ್ಳಿಯ ಆಸ್ಪತ್ರೆಯಂಥ ಕಡೆಗೆ ಇಂಥವರು ತಲುಪುವ ಹೊತ್ತಿಗೆ ಬೆರಳು ಕಪ್ಪಾಗಿರುವುದೂ ಉಂಟು. ಅದಕ್ಕೂ ಮೊದಲು ಒಂದು ಗುರುತಿದೆ. ರಾತ್ರಿ ಮಲಗಲಾಗದೆ ಎದ್ದು, ಮಂಚದಂಚಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಇಳಿಬಿಟ್ಟಾಗ ಭೂಮಿಯ ಸೆಳೆತದಿಂದ ಒಂದಿಷ್ಟು ಹೆಚ್ಚು ರಕ್ತ ಪಾದಕ್ಕೆ ಇಳಿದು ನೋವು ತಗ್ಗುತ್ತದೆ. ಬೀಡಿಯನ್ನು ಪೂರ್ತಿ ಬಿಟ್ಟವರಲ್ಲಿ ಕಾಯಿಲೆ ಬಹುತೇಕ ಅಲ್ಲಿಗೇ ನಿಲ್ಲುತ್ತದೆ, ಕಾಲು ಉಳಿಯುತ್ತದೆ. ದಿನಕ್ಕೆ ಎರಡೇ ಸೇದುತ್ತೇನೆ ಎಂಬ ರಾಜಿ ಇಲ್ಲಿ ನಡೆಯುವುದಿಲ್ಲ.

ಕೊಲೆಸ್ಟರಾಲ್‌ನಿಂದ ನಾಳ ಕಟ್ಟಿದ ಉಳಿದವರಿಗೆ ಸ್ಟ್ಯಾಟಿನ್, ಆಸ್ಪಿರಿನ್, ಬೇಕಾದರೆ ಬಲೂನು ಇಲ್ಲವೇ ಬೈಪಾಸ್. ಆದರೆ ಆರಂಭದ ಹಂತದಲ್ಲಿ ವೈದ್ಯರು ಮೊದಲು ಹೇಳುವುದು ನಡೆಯಿರಿ ಎಂದೇ: ನೋವು ಜೋರಾಗುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು, ವಾರಕ್ಕೆ ಮೂರು ಸಲವಾದರೂ ಅರ್ಧ ತಾಸು. ಮೂರು ತಿಂಗಳಲ್ಲಿ ನಡೆಯುವ ದೂರ ಗಣನೀಯವಾಗಿ ಹೆಚ್ಚುತ್ತದೆ. ಕಟ್ಟಿದ ನಾಳ ತೆರೆದುಕೊಳ್ಳುವುದಿಲ್ಲ. ಸ್ನಾಯು ಸಿಕ್ಕ ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿಯುತ್ತದೆ.

ಪಾದದ ನಾಡಿಯನ್ನು ಮನೆಯಲ್ಲೇ ನೋಡಬಹುದು. ಹೆಬ್ಬೆರಳನ್ನು ಮೇಲಕ್ಕೆತ್ತಿದರೆ ಪಾದದ ಮೇಲೆ ಒಂದು ಸ್ನಾಯುರಜ್ಜು ಎದ್ದು ಕಾಣುತ್ತದೆ. ಅದರ ಹೊರಮಗ್ಗುಲಿಗೆ ಎರಡು ಬೆರಳು ಹಗುರವಾಗಿ ಇಡಿ. ಸಿಗದಿದ್ದರೆ ಗಾಬರಿ ಬೇಡ, ಆರೋಗ್ಯವಂತರಲ್ಲೂ ಕೆಲವರಿಗೆ ಅಲ್ಲಿ ಸಿಗುವುದಿಲ್ಲ. ಕಣಕಾಲಿನ ಒಳಮಗ್ಗುಲ ಗಂಟಿನ ಹಿಂದೆ ಹುಡುಕಿ. ಎರಡೂ ಕಡೆ ಇಲ್ಲವಾದರೆ ಕಣಕಾಲಿನ ಬಿ.ಪಿ. ಅಳೆಸಬೇಕು. ಅದನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಅಡಚಣೆ ಇದೆಯೆಂದು ಅರ್ಥ. ಬಹಳ ವರ್ಷದ ಶುಗರ್ ಇರುವವರಲ್ಲಿ ಈ ಲೆಕ್ಕ ಮೋಸ ಮಾಡಬಹುದು: ಕಣಕಾಲಿನ ನಾಳಕ್ಕೆ ಸುಣ್ಣ ಕಟ್ಟಿ, ಬಿ.ಪಿ. ಪಟ್ಟಿ ಒತ್ತಿದರೂ ಅದು ಮುಚ್ಚುವುದಿಲ್ಲ, 1.4 ದಾಟಿದ ಸುಳ್ಳು ಅಂಕಿ ಬರುತ್ತದೆ. ಸಂವೇದನೆ ಸತ್ತ ಪಾದವಾದ್ದರಿಂದ ಅವರಿಗೆ ಮೀನಖಂಡ ಹಿಡಿದದ್ದೂ ತಿಳಿಯದೆ ಹೋಗಬಹುದು. ಅಂಥವರಿಗೆ ಕಾಲಿನ ಹೆಬ್ಬೆರಳಿಗೆ ಪುಟ್ಟ ಪಟ್ಟಿ ಸುತ್ತಿ ಅಳೆಯುತ್ತಾರೆ; ಸುಣ್ಣ ಸಾಮಾನ್ಯವಾಗಿ ಅಲ್ಲಿಯವರೆಗೆ ಇಳಿದಿರುವುದಿಲ್ಲ.