ಬಗ್ಗಿಸಿದ ಬೀಟೆ ಬಿಚ್ಚಿಕೊಳ್ಳದಂತೆ

ಬೀಟೆ ಎಂದರೆ ನಮ್ಮ ಮನೆಗಳಲ್ಲಿ ಅಜ್ಜನ ಕಾಲದ ಮಂಚ, ಪೆಟ್ಟಿಗೆ ನೆನಪಾಗುತ್ತದೆ. ಅದೇ ಮರ ಎರಡು ಮಿಲಿಮೀಟರ್ ದಪ್ಪದ ಪಟ್ಟಿಯಾಗಿ ಕಡಲಾಚೆಯ ಗಿಟಾರುಗಳ ಪಕ್ಕೆ ಆಗುತ್ತದೆಂದು ಬಹಳ ಮಂದಿಗೆ ಗೊತ್ತಿರಲಾರದು. ಅಮೆರಿಕದಲ್ಲಿ 1833ರಿಂದ ಗಿಟಾರ್ ಮಾಡುತ್ತಾ ಬಂದಿರುವ ಮಾರ್ಟಿನ್ ಕಂಪೆನಿ ಮೊದಲು ಬ್ರೆಜಿಲಿನ ಬೀಟೆ ಬಳಸುತ್ತಿತ್ತು. 1969ರಲ್ಲಿ ಅದು ಭಾರತದ ಬೀಟೆಗೆ ಬಂತು. ನಮ್ಮ ಪಶ್ಚಿಮ ಘಟ್ಟದ ಕಾಡುಗಳೇ ಈ ಮರದ ತವರು.

ಗಿಟಾರಿನ ಸುದ್ದಿ ಈ ಪುಟದಲ್ಲೇಕೆ ಎಂದು ಹುಬ್ಬು ಗಂಟಿಕ್ಕಬೇಡಿ. ನಾವು ಹೇಳಹೊರಟದ್ದು ಬಾರಿಸುವವನ ವಿಷಯವಲ್ಲ, ಮರಗೆಲಸದವನ ವಿಷಯ. ಮಳೆಗಾಲದಲ್ಲಿ ದಫ್‌ನ ಚರ್ಮ ಸಡಿಲವಾದಾಗ ಬೆಂಕಿಯ ಶಾಖಕ್ಕೆ ಹಿಡಿದು ಬಿಗಿ ಮಾಡುವುದನ್ನು ಕಂಡವರಿಗೆ ತೇವದ ಆಟ ಗೊತ್ತು. ಗಿಟಾರಿನಲ್ಲಿ ಆ ಆಟ ಮರದ ಜೊತೆ ನಡೆಯುತ್ತದೆ.

ನಾವೀಗ ಪಾಠ ಹೇಳುತ್ತಿರುವುದು ಕೆ.ಆರ್.ಪೇಟೆ ತಾಲೂಕಿನ ಕಿಕ್ಕೇರಿಯಲ್ಲಿ. ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರು ಎಂದರೆ ಬೇಗ ಗುರುತು ಸಿಗಬಹುದು. ಊರಲ್ಲಿ ಉಸ್ತಾದ್ ಆಗಿದ್ದವರು ಇಲ್ಲಿಗೆ ಬಂದರೆ ಹಜ್ರತ್ ಆಗಿಬಿಡುತ್ತೇವೆ, ಅದಿರಲಿ. ನಮ್ಮಲ್ಲಿ ಓದಿ ಹೋದ ಹುಡುಗನೊಬ್ಬ ಬಾಗಿಲು-ಕಿಟಕಿ ಮಾಡುವ ಅಂಗಡಿ ಇಟ್ಟಿದ್ದಾನೆ. ಅವನಿಗೆ ಒಂದು ಗಿಟಾರಿನ ಆರ್ಡರ್ ಬಂತು. ಮುಂಗಡದ ದುಡ್ಡೆಲ್ಲ ಹಾಕಿ ತಂದದ್ದು ಒಂದೇ ಜೊತೆ ಬೀಟೆ ಪಟ್ಟಿ. ಒಂದೇ ಹಲಗೆಯಿಂದ ಸೀಳಿದ ಜೋಡಿ ಅದು, ಒಂದರ ಗೆರೆ ಇನ್ನೊಂದಕ್ಕೆ ಕನ್ನಡಿ. ಒಂದು ಮುರಿದರೆ ಎರಡೂ ಹೋದಂತೆ.

ಬಗ್ಗಿಸುವ ಕೆಲಸ ನೋಡಲು ಚೆಂದ. ಕಬ್ಬಿಣದ ಕೊಳವೆಯ ಒಳಗೆ ಬೆಂಕಿ ಕೊಟ್ಟು ಕಾಯಿಸುತ್ತಾರೆ. ನೀರು ಚಿಮುಕಿಸಿದರೆ ಹನಿ ಕುಣಿದು ಹಾರಬೇಕು, ಅಷ್ಟು ಬಿಸಿ. ಒದ್ದೆ ಮಾಡಿದ ಪಟ್ಟಿಯನ್ನು ಅದಕ್ಕೆ ಒತ್ತಿ ಹಿಡಿದರೆ, ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಎಂಬ ಅಂಟು ಮೆತ್ತಗಾಗಿ ಮರ ಕೈಯ ಮಾತು ಕೇಳುತ್ತದೆ. ಅವಸರ ಮಾಡಿದರೆ 'ಚಟ್' ಎನ್ನುತ್ತದೆ. ತಣ್ಣಗಾದ ಮೇಲೆ ಆ ಅಂಟು ಮತ್ತೆ ಗಟ್ಟಿಯಾಗಿ ಬಾಗು ನಿಲ್ಲುತ್ತದೆ.

ನಿಲ್ಲುತ್ತದೆ, ಆದರೆ ಪೂರ್ತಿ ಅಲ್ಲ. ಒಳಗೆ ತೇವ ಉಳಿದಿದ್ದರೆ ಪಟ್ಟಿ ಮೆಲ್ಲ ಮೆಲ್ಲ ಹಳೆಯ ನೇರಕ್ಕೆ ಹೊರಡುತ್ತದೆ. ಹುಡುಗ ಬಗ್ಗಿಸಿದ್ದು ಜುಲೈಯ ಜಡಿಮಳೆಯಲ್ಲಿ. ಒಂದು ರಾತ್ರಿ ಹಗ್ಗ ಕಟ್ಟಿಟ್ಟು ಬೆಳಿಗ್ಗೆ ಬಿಚ್ಚಿದ. "ಹಜ್ರತ್, ಎರಡು ಬೆರಳು ಬಿಟ್ಕೊಂಡೈತೆ" ಅಂತ ಓಡಿ ಬಂದ. ಮುಖ ಸಪ್ಪಗಾಗಿತ್ತು. ಸೊಂಟದ ಬಾಗು ಚಪ್ಪಟೆಯಾಗಿತ್ತು, ಅಡ್ಡಗಲಕ್ಕೂ ದೋಣಿಯಂತೆ ಕೊಂಚ ಮಡಚಿಕೊಂಡಿತ್ತು. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆಂಬಷ್ಟು ಕಡಿಮೆ, ಅಡ್ಡಕ್ಕೆ ಜಾಸ್ತಿ. ಹಾಗಾಗಿ ಒಂದು ಮೈ ಬೇಗ ಒಣಗಿ ಇನ್ನೊಂದು ಹಸಿ ಉಳಿದರೆ ಪಟ್ಟಿ ಹೀಗೇ ಮಡಚುತ್ತದೆ.

ಪುಣ್ಯಕ್ಕೆ, ಬಿಚ್ಚಿಕೊಂಡ ಪಕ್ಕೆ ಹಾಳಾದ ಪಕ್ಕೆ ಅಲ್ಲ. ಎರಡನೇ ಸಲ ನೀರು ಹಾಕದೆ, ಒಣಗಿದ ಪಟ್ಟಿಯನ್ನೇ ಬಿಸಿ ಕೊಳವೆಗೆ ಹಿಡಿದು ಆಕಾರಕ್ಕೆ ತರಬಹುದು. ಆದರೆ ತಂದ ತಕ್ಷಣ ಅದಕ್ಕೊಂದು ಅಚ್ಚು ಬೇಕು. ನಮ್ಮ ಲೆಕ್ಕದಲ್ಲಿ ಗಿಟಾರ್ ಮಾಡುವವನು ಮೊದಲು ಮಾಡಬೇಕಾದ್ದೇ ಅಚ್ಚು, ಬೀಟೆ ಕೊಳ್ಳುವುದು ಆಮೇಲೆ.

ದೊಡ್ಡ ಕಾರ್ಖಾನೆಯ ಅಚ್ಚು ಬೇಕೆಂದಿಲ್ಲ. ಹುಡುಗ ದಪ್ಪ ಪ್ಲೈವುಡ್ ಹಲಗೆಯ ಮೇಲೆ ಗಿಟಾರಿನ ಆಕಾರ ಬರೆದು, ಗೆರೆಯ ಹೊರಗೆ ಸುತ್ತಲೂ ಮರದ ತುಂಡುಗಳನ್ನು ಸ್ಕ್ರೂ ಹಾಕಿ ನಿಲ್ಲಿಸಿದ. ತುಂಡುಗಳು ಹಲಗೆಗೆ ನೆಟ್ಟಗೆ ಲಂಬವಾಗಿರಬೇಕು, ಇಲ್ಲದಿದ್ದರೆ ಪಕ್ಕೆಯೂ ವಾಲುತ್ತದೆ. ಹೊರಗಿನ ತಡೆ ಮಾತ್ರ ಸಾಲದು. ಪಟ್ಟಿ ಅಚ್ಚಿಗೆ ಅಂಟಿ ನಿಲ್ಲಲು ಒಳಗಿನಿಂದ ಅಡ್ಡಕೋಲು ಕೊಟ್ಟು ತಳ್ಳಬೇಕು, ಸೊಂಟದ ಹತ್ತಿರ ಮುಖ್ಯವಾಗಿ. ಎರಡು ಕಡೆ ಮರೆ ಇರುವ ಟರ್ನ್‌ಬಕಲ್ ಸಿಕ್ಕಿದರೆ ಇನ್ನೂ ಒಳ್ಳೆಯದು, ತಿರುಗಿಸಿದಷ್ಟು ಬಿಗಿ. ಒಂದು ತಮಾಷೆ: ಪೆಟ್ಟಿಗೆ ಮುಚ್ಚುವ ಮೊದಲು ಈ ಕೋಲು ತೆಗೆಯಲು ಮರೆತರೆ, ಸುಮಾರು ಹತ್ತು ಸೆಂಟಿಮೀಟರಿನ ಆ ದುಂಡು ತೂತಿನಿಂದಲೇ ಕೈ ಹಾಕಿ ಎಳೆಯಬೇಕು.

ಅಚ್ಚಿನಲ್ಲಿರುವಾಗಲೇ ಎರಡು ಪಕ್ಕೆಗಳನ್ನು ಕೂಡಿಸಲು ಕತ್ತಿನ ಕಡೆ ಒಂದು, ಬುಡದ ಕಡೆ ಒಂದು ಮರದ ಗಟ್ಟಿ ಅಂಟಿಸುತ್ತಾರೆ. ನಂತರ ಒಳ ಅಂಚಿನುದ್ದಕ್ಕೂ ಗರಗಸದಲ್ಲಿ ಹಲ್ಲುಹಲ್ಲಾಗಿ ಕೊಯ್ದ ಸಣ್ಣ ಪಟ್ಟಿ. ಹಲ್ಲುಗಳಿರುವುದರಿಂದ ಅದು ಎಲ್ಲಿ ಬೇಕಾದರೂ ಬಾಗುತ್ತದೆ. ಅಂಟು ಹಿಡಿದ ಮೇಲೆ ಪಕ್ಕೆಗೆ ಬೆನ್ನುಮೂಳೆ ಬಂದಂತೆ. ಬಟ್ಟೆ ಒಣಗಿಸುವ ಕ್ಲಿಪ್‌ಗಳನ್ನೇ ಸಾಲಾಗಿ ಸಿಕ್ಕಿಸಿ ಅವನು ಅದನ್ನು ಹಿಡಿಸಿದ. ಮನೆಯವರಿಗೆ ಎರಡು ದಿನ ಕ್ಲಿಪ್ ಇಲ್ಲ!

ಕರಾವಳಿಯ ಹುಡುಗರು ಯಾರಾದರೂ ಕೈಹಾಕುವುದಾದರೆ ಒಂದು ಮಾತು. ಗಿಟಾರ್ ಕಟ್ಟುವವರು ಕೋಣೆಯ ತೇವ ಶೇ. 40ರಿಂದ 50ರೊಳಗೆ ಇರಲಿ ಎನ್ನುತ್ತಾರೆ. ಮಂಗಳೂರಿನ ಮಳೆಗಾಲದಲ್ಲಿ ಅದು 80 ದಾಟುತ್ತದೆ. ಆ ಹಸಿಯಲ್ಲೇ ಅಂಟಿಸಿ ಮುಚ್ಚಿದ ಗಿಟಾರನ್ನು ದುಬೈಯ ಎಸಿ ಕೋಣೆಗೆ ಒಯ್ದರೆ ಮರ ಅಡ್ಡಕ್ಕೆ ಕುಗ್ಗಿ ಹಲಗೆ ಸೀಳುತ್ತದೆ. ಮಳೆ ನಿಂತು ಗಾಳಿ ಒಣಗಿದ ಮೇಲೆ ಕೆಲಸ ಹಿಡಿಯುವುದೇ ವಾಸಿ.

ಹುಡುಗನ ಪಕ್ಕೆಗಳು ಈಗ ಗೆರೆಗೆ ಸರಿಯಾಗಿ ಕೂತಿವೆ. ಮೇಲಿನ ಹಲಗೆಗೆ ಸ್ಪ್ರೂಸ್ ಮರ ಹೊರದೇಶದಿಂದ ಬರಬೇಕು, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಅವು ಅಂಗಡಿಯ ಮೂಲೆಯಲ್ಲಿ, ಕಿಟಕಿಯಿಂದ ದೂರ, ಅಡ್ಡಕೋಲು ಸಮೇತ ಅಚ್ಚಿನೊಳಗೇ ಇವೆ.